18 ದಾಟಿದ, 50 ಮುಟ್ಟದ ಹೆಂಗಸಿನ ಕಣ್ಣು ಯಾರ ಲೆಕ್ಕದಲ್ಲಿದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇತ್ತೀಚೆಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರವೊಂದರ ವರದಿ ಪ್ರಕಟವಾಗಿತ್ತು. ಬಂದವರಲ್ಲಿ ಇಷ್ಟು ಮಂದಿಗೆ ದೃಷ್ಟಿದೋಷ ಪತ್ತೆಯಾಗಿದೆ ಎಂಬ ಒಂದೇ ಒಂದು ಸಂಖ್ಯೆಯೊಂದಿಗೆ ವರದಿ ಮುಗಿದಿತ್ತು. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರ ಸಹಾಯಕಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದ ನನ್ನಿಂದ ಆ ಸಂಖ್ಯೆಯನ್ನು ಓದಿ ಸುಮ್ಮನಿರಲು ಆಗಲಿಲ್ಲ. ಯಾವ ದೋಷ? ಯಾವ ವಯಸ್ಸಿನವರಿಗೆ? ಹೆಂಗಸರೆಷ್ಟು, ಗಂಡಸರೆಷ್ಟು? ಇದಾವುದೂ ಇಲ್ಲದ ಅಂಕಿಯಿಂದ ಯಾರ ಮೂಗಿನ ಮೇಲೂ ಒಂದು ಕನ್ನಡಕ ಹೆಚ್ಚಿಗೆ ಬರುವುದಿಲ್ಲ. ವರದಿಗಾರರನ್ನು ನಾನು ದೂರುತ್ತಿಲ್ಲ. ಶಿಬಿರ ನಡೆಸಿದವರು ಕೊಟ್ಟ ಹಾಳೆಯಲ್ಲಿ ಅಷ್ಟೇ ಇದ್ದಿರುತ್ತದೆ. ಅಂಥ ನಮೂನೆಗಳನ್ನು ತುಂಬಿ ಮೇಲಿನ ಕಚೇರಿಗೆ ಕಳುಹಿಸುವುದು ನನ್ನ ಕೆಲಸದ ಭಾಗವೇ ಆಗಿತ್ತು. ನಮೂನೆಯಲ್ಲಿ ಯಾರಿಗೆ ಕಾಲಂ ಇಲ್ಲವೋ ಅವರಿಗೆ ಯೋಜನೆಯಲ್ಲೂ ಜಾಗವಿರುವುದಿಲ್ಲ. ಇದನ್ನು ಹತ್ತಿರದಿಂದ ಕಂಡಿದ್ದೇನೆ.

ದೃಷ್ಟಿದೋಷ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಬೇರೆ ಬೇರೆ ಸಂಗತಿಗಳಿವೆ. ಹತ್ತಿರದ್ದು ಕಂಡು ದೂರದ್ದು ಮಸುಕಾಗುವುದು ಸಮೀಪದೃಷ್ಟಿ. ದೂರದ್ದಕ್ಕಿಂತ ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ಶ್ರಮಪಡುವುದು ದೂರದೃಷ್ಟಿ. ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆಗೂ ಸಮನಾಗಿಲ್ಲದೆ ಅಕ್ಷರಗಳು ಎಳೆದಂತೆ, ನೆರಳು ಕೂಡಿದಂತೆ ಕಾಣುವುದು ಅಸಮದೃಷ್ಟಿ. ನಲವತ್ತರ ಸುಮಾರಿಗೆ ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರದ್ದರ ಮೇಲೆ ನೋಟ ನಿಲ್ಲದಾಗುವುದಕ್ಕೆ ಚಾಳೀಸು ಬಂತು ಎನ್ನುತ್ತೇವೆ. ಇವು ಎಲ್ಲ ವಯಸ್ಸಿನಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಗಂಡು ಹೆಣ್ಣಿನಲ್ಲೂ ಒಂದೇ ರೀತಿ ಇರುವುದಿಲ್ಲ. ಎಲ್ಲವನ್ನೂ ಕೂಡಿಸಿ ಒಂದು ಮೊತ್ತ ಬರೆದರೆ ನಮಗೆ ಬೇಕಾದ ವಿಷಯವೇ ಅಳಿಸಿಹೋಗುತ್ತದೆ.

ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಾದಾಗ ಅದು 23ರಿಂದ 24 ಮಿಲಿಮೀಟರ್ ಆಗುತ್ತದೆ. ಆದ್ದರಿಂದಲೇ ಬಹುತೇಕ ಶಿಶುಗಳಿಗೆ ಸ್ವಲ್ಪ ದೂರದೃಷ್ಟಿ ಇದ್ದೇ ಇರುತ್ತದೆ. ಕಣ್ಣು ಬೆಳೆದಂತೆ ಅದು ತಾನಾಗಿ ಕರಗುತ್ತದೆ. ಬೆಳವಣಿಗೆ ಅಳತೆ ಮೀರಿ ಮುಂದುವರಿದರೆ ಸಮೀಪದೃಷ್ಟಿ ಶುರುವಾಗುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೂ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಕನ್ನಡಕ ಹಾಕಿದ್ದರಿಂದ ನಂಬರು ಏರಿತು ಎಂದು ತಾಯಂದಿರು ನನ್ನ ಮುಂದೆ ಅಳಲು ತೋಡಿಕೊಂಡದ್ದುಂಟು. ಕನ್ನಡಕ ತೆಗೆದಿಟ್ಟರೂ ಕಣ್ಣುಗುಡ್ಡೆ ಬೆಳೆಯುವುದು ನಿಲ್ಲುವುದಿಲ್ಲ, ಮಗುವಿಗೆ ಪಾಠ ಕಾಣದಾಗುತ್ತದೆ ಅಷ್ಟೇ ಎಂದು ಅವರಿಗೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಮಕ್ಕಳ ವಿಷಯದಲ್ಲಿ ನಮ್ಮ ದೇಶದ ಒಳ್ಳೆಯ ಲೆಕ್ಕಗಳಿವೆ. 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ನೋಡಿ. ದೆಹಲಿಯಲ್ಲಿ 5ರಿಂದ 15 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಇದ್ದದ್ದು ಶೇ 7.4 ಮಂದಿಗೆ. ಆಗ ನಮ್ಮ ರಾಯಚೂರಿನ ಗಡಿಗೆ ತಾಗಿದ್ದ ಮಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ 7ರಿಂದ 15 ವರ್ಷದ ಮಕ್ಕಳಲ್ಲಿ ಅದು ಶೇ 4.1. ದೆಹಲಿಯ ಶಾಲೆಗಳಲ್ಲೇ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಶೇ 13.1 ಮಕ್ಕಳಿಗೆ ಸಮೀಪದೃಷ್ಟಿ ಕಂಡುಬಂತು. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಸರ್ಕಾರಿ ಶಾಲೆಗಿಂತ ಖಾಸಗಿ ಶಾಲೆಯಲ್ಲಿ ಹೆಚ್ಚು, ಹನ್ನೊಂದು ದಾಟಿದ ಮಕ್ಕಳಲ್ಲಿ ಹೆಚ್ಚು. ಅಳೆದ ಕ್ರಮಗಳು ಬೇರೆ ಬೇರೆಯಾದ್ದರಿಂದ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕಳೆಯುವುದು ಕೂಡಿಸುವುದು ಸರಿಯಲ್ಲ. ಆದರೆ ವಯಸ್ಸು, ಲಿಂಗ, ಊರು ಬೇರೆಯಾದರೆ ಲೆಕ್ಕವೇ ಬೇರೆಯಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಹುಡುಗಿಯರಲ್ಲಿ ಏಕೆ ಹೆಚ್ಚು? ಹೊರಗಿನ ಬೆಳಕಿಗೂ ಸಮೀಪದೃಷ್ಟಿಗೂ ಸಂಬಂಧವಿದೆ ಎಂಬುದು ಈಗ ಗಟ್ಟಿಯಾಗಿ ಗೊತ್ತಾಗಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನ ಪಾಠ ಕೊಟ್ಟು ಮೂರು ವರ್ಷ ನೋಡಿದರು. ಹಾಗೆ ಹೊರಗೆ ಬಿಟ್ಟ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30.4 ಮಂದಿಗೆ, ಉಳಿದವರಲ್ಲಿ ಶೇ 39.5. ಈ ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ನಮ್ಮೂರುಗಳಲ್ಲಿ ಸಂಜೆ ಆಟದ ಬಯಲಿಗೆ ಹೋಗಿ ನೋಡಿ. ಹನ್ನೆರಡು ಹದಿಮೂರು ದಾಟಿದ ಗಂಡು ಮಕ್ಕಳು ಇರುತ್ತಾರೆ, ಹೆಣ್ಣು ಮಕ್ಕಳು ಇರುವುದಿಲ್ಲ. ದೊಡ್ಡವಳಾದಳು ಎಂದು ಆಕೆಯನ್ನು ಒಳಗೆ ಕರೆದುಕೊಂಡಿರುತ್ತೇವೆ. ಮೇಲಿನಿಂದ ಎಸ್ಸೆಸ್ಸೆಲ್ಸಿ ಹೆಸರಿನಲ್ಲಿ ಶಾಲೆಯ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿರುತ್ತಾರೆ. ಹುಡುಗಿಯರ ಹೆಚ್ಚುವರಿ ಸಮೀಪದೃಷ್ಟಿಗೆ ಇದೊಂದೇ ಕಾರಣ ಎನ್ನಲಾರೆ. ಆದರೆ ಆ ಮಕ್ಕಳಿಗೆ ಬಿಸಿಲು ಬೆಳಕಿನಲ್ಲಿ ಓಡಾಡುವ ಹಕ್ಕನ್ನು ನಾವು ಕಿತ್ತುಕೊಂಡಿದ್ದೇವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಶಾಲಾ ತಪಾಸಣೆಯಲ್ಲಿ ತಪ್ಪಿಸಿಕೊಳ್ಳುವ ಇನ್ನೊಂದು ಗುಂಪಿದೆ. ಆರು ಮೀಟರ್ ದೂರದಲ್ಲಿ ಫಲಕ ನೇತುಹಾಕಿ ಅಕ್ಷರ ಓದಿಸಿದರೆ ಸಮೀಪದೃಷ್ಟಿಯ ಮಗು ಸಿಕ್ಕಿಬೀಳುತ್ತದೆ. ದೂರದೃಷ್ಟಿಯ ಮಗು ಎಷ್ಟೋ ಸಲ ಕೊನೆಯ ಸಾಲನ್ನೂ ಓದಿಬಿಡುತ್ತದೆ. ಎಳೆಯ ಕಣ್ಣಿನ ಮಸೂರಕ್ಕೆ ಬಾಗುವ ಶಕ್ತಿ ಇರುವುದರಿಂದ ಒಳಗೊಳಗೇ ಒತ್ತಿ ಹಿಡಿದು ದೋಷವನ್ನು ಮುಚ್ಚಿಕೊಳ್ಳುತ್ತದೆ. ಸಂಜೆ ಮನೆಗೆ ಹೋಗಿ ತಲೆನೋವು ಎನ್ನುತ್ತದೆ, ಪುಸ್ತಕ ಹಿಡಿದರೆ ಕಣ್ಣಲ್ಲಿ ನೀರು ಎನ್ನುತ್ತದೆ. ಓದುವ ಮನಸ್ಸಿಲ್ಲ, ನೆಪ ಹೇಳುತ್ತಾಳೆ ಎಂದು ಬೈಸಿಕೊಳ್ಳುತ್ತದೆ. ದೆಹಲಿಯ ಮೊದಲ ಅಧ್ಯಯನದಲ್ಲಿ ದೂರದೃಷ್ಟಿ ಹುಡುಗಿಯರಲ್ಲಿ ಹೆಚ್ಚಾಗಿ ಕಂಡಿತ್ತು. ಇದಕ್ಕೆ ಒಂದು ಸರಳ ಕಾರಣ ಕಣ್ಣಿನ ಅಳತೆಯಲ್ಲೇ ಇರಬಹುದು. ಹೆಣ್ಣಿನ ಕಣ್ಣುಗುಡ್ಡೆ ಗಂಡಿನದ್ದಕ್ಕಿಂತ ಸರಾಸರಿ ಅರ್ಧ ಮಿಲಿಮೀಟರಿನಷ್ಟು ಗಿಡ್ಡ. ಎರಡು ಕಣ್ಣಿನ ದೋಷ ಒಂದೇ ಸಮ ಇಲ್ಲದಿದ್ದರೆ ಅಪಾಯ ಇನ್ನೂ ದೊಡ್ಡದು. ಮಿದುಳು ಮಸುಕಾದ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಮಗುವಿಗೆ ಏಳೆಂಟು ವರ್ಷ ತುಂಬುವುದರೊಳಗೆ ಕನ್ನಡಕ ಕೊಟ್ಟು, ಬೇಕಾದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸರಿಪಡಿಸದಿದ್ದರೆ ಆಮೇಲೆ ಎಂಥ ಕನ್ನಡಕ ಕೊಟ್ಟರೂ ಆ ಕಣ್ಣು ಪೂರ್ತಿ ಎಚ್ಚರಗೊಳ್ಳುವುದು ಕಷ್ಟ.

ಆದರೂ ಮಕ್ಕಳಿಗೆ ಒಂದು ವ್ಯವಸ್ಥೆ ಇದೆ ಎನ್ನಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವೆ. 18 ವರ್ಷದವರೆಗೆ ಅವರ ಹೊಣೆ. ಇನ್ನೊಂದು ತುದಿಯಲ್ಲಿ ವಯಸ್ಸಾದವರಿದ್ದಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಮುಖ್ಯ ಭಾಗ 50 ವರ್ಷ ದಾಟಿದವರದ್ದು. ಅವರಲ್ಲಿ ಅಂಧತ್ವಕ್ಕೆ ಮೊದಲ ಕಾರಣ ಕಣ್ಣಿನ ಪೊರೆ, ಶೇ 66ರಷ್ಟು. ಪೊರೆಯ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಯ ಇತಿಹಾಸವೇ ಇದೆ. ಊರೂರಿಗೆ ಹೋಗಿ ಶಿಬಿರ ಹಾಕಿ ಲಕ್ಷಾಂತರ ಮಂದಿಗೆ ಕಣ್ಣು ಕೊಟ್ಟ ಡಾ. ಎಂ.ಸಿ. ಮೋದಿಯವರು ನಮ್ಮ ಬೀಳಗಿಯಲ್ಲಿ ಹುಟ್ಟಿದವರು. ಅವರ ಹೆಸರು ಹೇಳಿದರೆ ಕೈಮುಗಿಯುವ ಅಜ್ಜಿಯರನ್ನು ನಾನು ನೋಡಿದ್ದೇನೆ. ನಮ್ಮ ಭಾಗದಲ್ಲಿ ನೇತ್ರ ಶಿಬಿರ ಎಂದರೆ ಪೊರೆ ತೆಗೆಸುವುದು ಎಂಬ ಅರ್ಥ ನಿಂತುಹೋದದ್ದೂ ಹಾಗೆಯೇ.

ಹದಿನೆಂಟಕ್ಕೆ ಒಂದು ಬಾಗಿಲು ಮುಚ್ಚುತ್ತದೆ, ಐವತ್ತಕ್ಕೆ ಇನ್ನೊಂದು ತೆರೆಯುತ್ತದೆ. ನಡುವಿನ ಮೂವತ್ತೆರಡು ವರ್ಷ? ಮನುಷ್ಯರು ಅತಿ ಹೆಚ್ಚು ದುಡಿಯುವ ವಯಸ್ಸು ಅದು. ಆ ಅವಧಿಯಲ್ಲೇ, ನಲವತ್ತರ ಆಸುಪಾಸಿನಲ್ಲಿ, ಎಲ್ಲರಿಗೂ ಬರುವ ದೋಷ ಚಾಳೀಸು. ಸಮೀಪದೃಷ್ಟಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಚಾಳೀಸು ಹಾಗಲ್ಲ, ಬದುಕಿರುವವರ ಪೈಕಿ ಅದರಿಂದ ಯಾರಿಗೂ ವಿನಾಯಿತಿ ಇಲ್ಲ. 2015ರ ಅಂದಾಜಿನಂತೆ ಜಗತ್ತಿನಲ್ಲಿ 180 ಕೋಟಿ ಜನರಿಗೆ ಚಾಳೀಸು ಇತ್ತು. ಅವರಲ್ಲಿ 82.6 ಕೋಟಿ ಜನ ತಕ್ಕ ಕನ್ನಡಕವಿಲ್ಲದೆ ಹತ್ತಿರದ್ದು ಕಾಣದೆ ಬದುಕುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ದೃಷ್ಟಿ ವರದಿಯಲ್ಲಿ ಇದೇ ಅಂಕಿಯನ್ನು ಮುಂದಿಟ್ಟಿತು. ಇಷ್ಟು ದೊಡ್ಡ ಸಂಖ್ಯೆ ನಮ್ಮ ಶಿಬಿರದ ಹಾಳೆಯಲ್ಲಿ ಕಾಣದಿರಲು ಕಾರಣ ಬಹಳ ಸಣ್ಣದು. ಅಲ್ಲಿ ದೂರದ ಫಲಕ ಇರುತ್ತದೆ, ಹತ್ತಿರದ ಫಲಕ ಇರುವುದಿಲ್ಲ.

ಇಳಕಲ್ಲಿನ ಒಂದು ಉದಾಹರಣೆ ಹೇಳುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಮೈ ಬೇರೆ ಹಾಸು, ಸೆರಗಿನ ಕೆಂಪು ರೇಷ್ಮೆ ಬೇರೆ ಹಾಸು. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದೇ ಆ ಸೀರೆಯ ಹೆಚ್ಚುಗಾರಿಕೆ. ಮಗ್ಗದ ಮೇಲೆ ಹಳೆಯ ಹಾಸು ಮುಗಿದಾಗ ಹೊಸದರ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೆಚ್ಚಬೇಕು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು, ಕೆಚ್ಚುವುದು ಇವೆಲ್ಲ ಬಹುತೇಕ ಹೆಣ್ಣುಮಕ್ಕಳ ಪಾಲಿನ ಕೆಲಸ. ಲಾಳಿ ಎಸೆಯುವವನ ಹೆಸರು ಸಂಘದ ಪುಸ್ತಕದಲ್ಲಿರುತ್ತದೆ, ಕೆಚ್ಚುವವಳದ್ದು ಎಷ್ಟೋ ಕಡೆ ಇರುವುದಿಲ್ಲ.

ಅತ್ತೆಯ ಪೊರೆ ತೋರಿಸಲು ಒಬ್ಬ ಹೆಣ್ಣುಮಗಳು ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದಳು. ನಲವತ್ತೆರಡು ನಲವತ್ತಮೂರರ ವಯಸ್ಸು. ಅತ್ತೆಯ ಚೀಟಿ ಬರೆಯುತ್ತಾ, ನಿನ್ನ ಕಣ್ಣನ್ನೂ ನೋಡುತ್ತೇನೆ ಕೂರು ತಂಗಿ ಎಂದೆ. “ನನ್ನ ಕಣ್ಣು ಚಲೋ ಇವೆ ಅಕ್ಕಾವರೇ, ಬಸ್ಸು ತಿರುವಿನಲ್ಲಿ ಇರುವಾಗಲೇ ಯಾವ ಊರಿನದೆಂದು ಹೇಳುತ್ತೇನೆ” ಎಂದಳು. ಅದು ನಿಜವೇ ಆಗಿತ್ತು. ಓದು ಬರದವರಿಗಾಗಿ ಇರುವ, ಒಂದೇ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಫಲಕದಲ್ಲಿ ಕೊನೆಯ ಸಾಲಿನವರೆಗೂ ಬೆರಳಿನಿಂದ ದಿಕ್ಕು ತೋರಿಸಿದಳು. ನಮ್ಮ ನಮೂನೆಯ ಪ್ರಕಾರ ಆಕೆಗೆ ದೃಷ್ಟಿದೋಷ ಇಲ್ಲ.

ಆಕೆಯ ಸೀರೆಯ ಮೇಲೆ ಕೆಂಪು ರೇಷ್ಮೆಯ ಎರಡು ಎಳೆ ಅಂಟಿಕೊಂಡಿದ್ದವು. ಅವನ್ನೇ ತೆಗೆದು ಕೈಗೆ ಕೊಟ್ಟು ಕೆಚ್ಚಿ ತೋರಿಸಲು ಹೇಳಿದೆ. ಬೆರಳುಗಳು ತಾವಾಗಿ ಕೆಲಸಕ್ಕೆ ಇಳಿದವು. ಕೈಗಳು ಮಾತ್ರ ಮುಖದಿಂದ ದೂರ ದೂರ ಹೋದವು, ಕತ್ತು ಹಿಂದಕ್ಕೆ ಸರಿಯಿತು, ಕುರ್ಚಿಯನ್ನೇ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಒಂದು ಎಳೆ ಇನ್ನೊಂದರ ಪಕ್ಕದಿಂದ ಜಾರಿತು, ಮತ್ತೆ ಜಾರಿತು. ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟು ಎರಡೂ ಕಡೆ ಪ್ಲಸ್ 1.50ರ ಮಸೂರ ಹಾಕಿದೆ. ಕೈ ತಾನಾಗಿ ಎದೆಯ ಹತ್ತಿರಕ್ಕೆ ಬಂತು. ಎಳೆ ಕೂಡಿತು. ಆಕೆ ತಲೆಯೆತ್ತಿ ಕೇಳಿದ ಮೊದಲ ಮಾತು, “ಇದನ್ನು ಇವತ್ತೇ ಮನೆಗೆ ಒಯ್ಯಬಹುದೇ?” ಮಾತಾಡುತ್ತಾ ಆಕೆ ಹೇಳಿದ್ದೇನೆಂದರೆ, ಎರಡು ವರ್ಷದಿಂದ ಕೆಚ್ಚುವ ಕೆಲಸಕ್ಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮಗಳು ಏಳನೆಯ ತರಗತಿ. ಹಾಸು ಏರಿಸುವ ದಿನ ಶಾಲೆ ತಪ್ಪುತ್ತಿತ್ತು.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ತಾಯಿಯ ಹತ್ತಿರದ ನೋಟ ಹೋದಾಗ ಮನೆಯಲ್ಲಿ ಮೊದಲು ಕರೆ ಹೋಗುವುದು ಮಗಳಿಗೆ. ಸೂಜಿಗೆ ದಾರ ಪೋಣಿಸು, ಅಕ್ಕಿಯ ಹರಳು ಆರಿಸು, ಮಾತ್ರೆಯ ಹೆಸರು ಓದು, ಮೊಬೈಲಿನಲ್ಲಿ ದುಡ್ಡು ಬಂದಿದೆಯೇ ನೋಡು. ನಲವತ್ತರ ಒಂದು ಜೋಡಿ ಕಣ್ಣಿನ ದೋಷ ಹದಿಮೂರರ ಹುಡುಗಿಯ ಹಾಜರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಶಿಕ್ಷಣ ಇಲಾಖೆಯವರು ಗೈರುಹಾಜರಿ ಎನ್ನುತ್ತಾರೆ, ಆರೋಗ್ಯ ಇಲಾಖೆಯವರು ಏನನ್ನೂ ಎನ್ನುವುದಿಲ್ಲ.

ಚಾಳೀಸು ಹೆಂಗಸರನ್ನು ಗಂಡಸರಿಗಿಂತ ಬೇಗ ಕಾಡುತ್ತದೆ ಎಂದು ನಮ್ಮ ಕೆಲಸದವರಿಗೆ ಮೊದಲಿನಿಂದಲೂ ಅನಿಸುತ್ತಿತ್ತು. 2012ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ವಿಶ್ಲೇಷಣೆ ಅದನ್ನೇ ಹೇಳಿತು: ಒಂದೇ ವಯಸ್ಸಿನ ಗಂಡಸಿಗಿಂತ ಹೆಂಗಸಿಗೆ ಹತ್ತಿರದ ನೋಟಕ್ಕೆ ಹೆಚ್ಚು ಶಕ್ತಿಯ ಮಸೂರ ಬೇಕಾಗುತ್ತದೆ. ಕಣ್ಣಿನ ಬಾಗುವ ಶಕ್ತಿ ಹೆಂಗಸರಲ್ಲಿ ಬೇಗ ಕುಗ್ಗುತ್ತದೆ ಎಂಬ ಕಾರಣಕ್ಕಲ್ಲ. ಅವರು ಮಾಡುವ ಕೆಲಸ ಮುಖಕ್ಕೆ ಹೆಚ್ಚು ಹತ್ತಿರದ್ದು. ತೋಳೂ ಗಿಡ್ಡ; ಗಂಡಸಿನಷ್ಟು ದೂರಕ್ಕೆ ಹಿಡಿದು ನೋಡಲು ಆಗುವುದಿಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಗಳಲ್ಲಿ, ಧಾರವಾಡದ ಕಸೂತಿಯವರಲ್ಲಿ, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಲ್ಲಿ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೊಲಿಗೆ ಯಂತ್ರಗಳ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ ಅಲ್ಲವೇ? ಹೊಲಿಗೆ ತಪ್ಪಿದರೆ ಕೈ ನಿಧಾನವಾಯಿತು ಎನ್ನುತ್ತಾರೆ, ವಯಸ್ಸಾಯಿತು ಎಂದು ಕಳುಹಿಸುತ್ತಾರೆ. ಕಣ್ಣು ತೋರಿಸಿದೆಯಾ ಎಂದು ಕೇಳುವವರು ಕಡಿಮೆ. ಬಾಲ್ಯದಲ್ಲಿ ಪತ್ತೆಯಾಗದೆ ಉಳಿದ ದೂರದೃಷ್ಟಿ ಇದ್ದವಳಿಗಂತೂ ಮೂವತ್ತೈದು ಮೂವತ್ತಾರಕ್ಕೇ ಈ ಕಷ್ಟ ಶುರುವಾಗುತ್ತದೆ.

ಒಂದು ಸಾದಾ ಕನ್ನಡಕದಿಂದ ಎಷ್ಟು ವ್ಯತ್ಯಾಸವಾದೀತು ಎಂದು ಕೇಳುವವರಿಗೆ ಎರಡು ಪ್ರಯೋಗಗಳ ಫಲಿತಾಂಶ ಹೇಳಬೇಕು. ಅಸ್ಸಾಮಿನ ಚಹಾ ತೋಟಗಳಲ್ಲಿ 2017ರಲ್ಲಿ, 40 ದಾಟಿದ 751 ಕೂಲಿಗಳನ್ನು ಆರಿಸಿ, ಅರ್ಧದಷ್ಟು ಜನರಿಗೆ ಹತ್ತಿರದ ಕನ್ನಡಕವನ್ನು ಆಗಲೇ ಕೊಟ್ಟರು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ ಕೊಟ್ಟರು. ಅವರಲ್ಲಿ ಹೆಚ್ಚಿನವರು ಎಲೆ ಕೀಳುವ ಹೆಂಗಸರು. ದಿನಕ್ಕೆ ಕಿತ್ತ ಎಲೆಯ ತೂಕವನ್ನು ನೋಡಿದಾಗ, ಇತರರಿಗೆ ಹೋಲಿಸಿದರೆ ಕನ್ನಡಕದಿಂದ ಕೆಲಸ ಶೇ 21.7ರಷ್ಟು ಹೆಚ್ಚಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ 35ರಿಂದ 65 ವರ್ಷದ ನೇಕಾರರು, ಹೊಲಿಗೆಯವರು, ಕುಶಲಕರ್ಮಿಗಳ ನಡುವೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎಂಟು ತಿಂಗಳ ನಂತರ, ಕನ್ನಡಕ ಪಡೆದವರ ಗಳಿಕೆ ಪಡೆಯದವರದ್ದಕ್ಕಿಂತ ಶೇ 33.4ರಷ್ಟು ಹೆಚ್ಚಾಗಿತ್ತು. ಸಂತೆಯಲ್ಲೂ ಸಿಗುವ ಅಗ್ಗದ ವಸ್ತುವೊಂದು ದುಡಿಯುವವರ ಗಳಿಕೆಯನ್ನು ಮೂರನೆಯ ಒಂದು ಭಾಗದಷ್ಟು ಏರಿಸಿತು ಎಂದರೆ, ಅದಕ್ಕೆ ಸಮನಾದ ಬಡತನ ನಿವಾರಣೆಯ ಯೋಜನೆ ನನ್ನ ತಿಳಿವಳಿಕೆಯಲ್ಲಿ ಇನ್ನೊಂದಿಲ್ಲ.

ಸರ್ಕಾರದಲ್ಲಿ ಅವಕಾಶವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಾಳೀಸು ಬಂದವರಿಗೆ ಉಚಿತ ಕನ್ನಡಕ ಕೊಡುವ ಅಂಶವಿದೆ. ಆದರೆ ಅದು ವೃದ್ಧರಿಗೆಂದು. ನಲವತ್ತೆರಡರ ಕೆಚ್ಚುವ ಹೆಣ್ಣುಮಗಳು ವೃದ್ಧೆಯಲ್ಲ. ನಮ್ಮ ರಾಜ್ಯದ ‘ಆಶಾಕಿರಣ’ ಯೋಜನೆ ಇನ್ನೂ ಹತ್ತಿರಕ್ಕೆ ಬರುತ್ತದೆ. 2024ರಲ್ಲಿ ಹಾವೇರಿಯಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೊದಲ ತಪಾಸಣೆ ಮಾಡುತ್ತಾರೆ, ಬೇಕಾದವರಿಗೆ ಉಚಿತ ಕನ್ನಡಕ ಸಿಗುತ್ತದೆ. ಮನೆಬಾಗಿಲಿಗೆ ಹೋಗುವುದೇ ಸರಿಯಾದ ದಾರಿ. ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಹೆಂಗಸರಿಗೆ ಬಿಡುವಿರುವುದಿಲ್ಲ; ಅವರು ಬರುವುದು ಅತ್ತೆಯನ್ನು ಕರೆದುಕೊಂಡು, ಇಲ್ಲವೇ ಮಗುವನ್ನು ಎತ್ತಿಕೊಂಡು. ಅಷ್ಟು ದೂರ ಮನೆಗೆ ಹೋದ ಕಾರ್ಯಕರ್ತೆ ಪ್ರತಿ ಮನೆಯಲ್ಲೂ ಮೂವತ್ತೈದು ದಾಟಿದ ಹೆಂಗಸಿಗೆ ಹತ್ತಿರದ ನೋಟದ ಪರೀಕ್ಷೆ ಮಾಡಲೇಬೇಕು, ಅದರ ಲೆಕ್ಕ ಬೇರೆಯಾಗಿ ಬರೆಯಲೇಬೇಕು. ಓದು ಬರದವರಿಗೆ ಫಲಕವೇ ಬೇಕೆಂದಿಲ್ಲ. ಸೂಜಿ ದಾರ ಸಾಕು.

ಇಲ್ಲಿ ವೈದ್ಯರ ಒಂದು ಆಕ್ಷೇಪ ಇದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸಿದ್ಧ ಕನ್ನಡಕ ಸುಲಭವಾಗಿ ಕೈಗೆ ಸಿಕ್ಕರೆ ಜನ ಆಸ್ಪತ್ರೆಗೆ ಬರುವುದೇ ಇಲ್ಲ, ಸದ್ದಿಲ್ಲದೆ ನೋಟ ತಿನ್ನುವ ಗ್ಲುಕೋಮಾ, ಸಕ್ಕರೆ ಕಾಯಿಲೆಯಿಂದ ಹಾಳಾಗುವ ಅಕ್ಷಿಪಟ (ಕಣ್ಣಿನ ಹಿಂಭಾಗದ ಪರದೆ) ಪತ್ತೆಯಾಗದೆ ಉಳಿಯುತ್ತವೆ ಎನ್ನುತ್ತಾರೆ. ಅದು ನ್ಯಾಯವಾದ ಆತಂಕ. ಆದರೆ ಕನ್ನಡಕ ಕೊಡದೆ ಇರುವುದರಿಂದ ಅವರು ಆಸ್ಪತ್ರೆಗೆ ಬರುತ್ತಿದ್ದಾರೆಯೇ? ಬರುತ್ತಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಿದ್ದಾರೆ. ದೂರದ ನೋಟ 6/12ಕ್ಕಿಂತ ಕಡಿಮೆ ಇದ್ದವರು (ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿನಿಂದಲೂ ಓದಲಾಗದವರು), ಸಕ್ಕರೆ ಕಾಯಿಲೆಯವರು, ಮನೆಯಲ್ಲಿ ಯಾರಿಗಾದರೂ ಗ್ಲುಕೋಮಾ ಇದ್ದವರು, ಹತ್ತಿರದ ಮಸೂರ ಹಾಕಿದರೂ ಎಳೆ ಕಾಣದವರು ಇಂಥವರನ್ನು ಕಡ್ಡಾಯವಾಗಿ ನೇತ್ರ ವೈದ್ಯರ ಬಳಿ ಕಳುಹಿಸುವುದು ಎಂದು ನಿಯಮ ಮಾಡಿ. ಉಳಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನೇಕಾರರ ಸಹಕಾರ ಸಂಘದಲ್ಲಿ, ಕಾರ್ಖಾನೆಯ ಬಾಗಿಲಿನಲ್ಲಿ ಪ್ಲಸ್ 1ರಿಂದ ಪ್ಲಸ್ 3ರವರೆಗಿನ ಕನ್ನಡಕಗಳ ಪೆಟ್ಟಿಗೆ ಇಡಿ. ತರಬೇತಿ ಪಡೆದ ಕಾರ್ಯಕರ್ತೆ ಇದನ್ನು ಮಾಡಬಲ್ಲಳು. ಆ ನೆಪದಲ್ಲಿ ಬಂದವರನ್ನೇ ಮುಂದಿನ ತಪಾಸಣೆಗೆ ಕಳುಹಿಸಲು ದಾರಿಯೂ ಆಗುತ್ತದೆ.

ವಯಸ್ಸಾದವರ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಮನೆಯವರು ತಪ್ಪಾಗಿ ತಿಳಿಯುತ್ತಾರೆ. ಅರವತ್ತೈದು ಎಪ್ಪತ್ತರ ಅಜ್ಜಿ ಒಂದು ದಿನ ಕನ್ನಡಕ ತೆಗೆದಿಟ್ಟು ಬರಿಗಣ್ಣಿನಲ್ಲೇ ಸೂಜಿ ಪೋಣಿಸಿದಾಗ, ಅಜ್ಜಿಗೆ ಹರೆಯದ ಕಣ್ಣು ಮರಳಿ ಬಂತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ನಿಜವಾಗಿ ಆಗಿರುವುದು ಬೇರೆ. ಮಸೂರದ ನಡುಭಾಗ ಪೊರೆಗಟ್ಟಿ ಗಟ್ಟಿಯಾಗುವಾಗ ಕಣ್ಣಿಗೆ ಹೊಸದಾಗಿ ಸಮೀಪದೃಷ್ಟಿ ಬರುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಆಂಧ್ರಪ್ರದೇಶದಲ್ಲಿ ನಡೆದ ದೊಡ್ಡ ನೇತ್ರ ಅಧ್ಯಯನದಲ್ಲಿ 40 ದಾಟಿದವರಲ್ಲಿ ಶೇ 34.6 ಮಂದಿಗೆ ಸಮೀಪದೃಷ್ಟಿ ಕಂಡುಬಂದಿತ್ತು. ಶಾಲಾ ಮಕ್ಕಳಿಗಿಂತ ಎಷ್ಟೋ ಪಾಲು ಹೆಚ್ಚು, ಅದರಲ್ಲಿ ಪೊರೆಯ ಪಾತ್ರ ದೊಡ್ಡದು. ಹಾಗಾಗಿ ಅಜ್ಜಿಗೆ ಸೂಜಿ ಕಂಡ ದಿನವೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಇನ್ನು, ಕನ್ನಡಕ ಸಿಕ್ಕ ಮೇಲೂ ಅದನ್ನು ಹಾಕಲು ಬಿಡದ ಮನೆಗಳಿವೆ. ಒಂಬತ್ತನೆಯ ತರಗತಿಯ ಹುಡುಗಿ ಮೈನಸ್ 2.5 ನಂಬರಿನವಳು, ಪಕ್ಕದವಳ ನೋಟ್ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು. ಕನ್ನಡಕ ಕೊಟ್ಟ ಮರುದಿನ ತಾಯಿ ಬಂದು, ಇದನ್ನು ಶಾಲೆಯೊಳಗೆ ಮಾತ್ರ ಹಾಕಿದರೆ ನಡೆಯುತ್ತದೆಯೇ, ಓಣಿಯಲ್ಲಿ ಹಾಕಿಕೊಂಡು ಬಂದರೆ ನಾಳೆ ಗಂಡು ಸಿಗುವುದಿಲ್ಲ ಎಂದು ಕೇಳಿದರು. ಅದೇ ತಾಯಿಯ ಮಗ ಕನ್ನಡಕ ಹಾಕಿಕೊಂಡೇ ಆಕೆಯ ಪಕ್ಕದಲ್ಲಿ ನಿಂತಿದ್ದ. ಗಂಡು ಮಗುವಿನ ಕನ್ನಡಕ ಓದಿನ ಗುರುತು, ಹೆಣ್ಣು ಮಗುವಿನದ್ದು ಕೊರತೆ. ವರನ ಕಡೆಯವರಿಗೆ ಕೊಡುವ ಫೋಟೊದಲ್ಲಿ ಕನ್ನಡಕ ತೆಗೆಸುವ ಪದ್ಧತಿಯನ್ನು ಹಿರಿಯರು ಬಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೈಮುಗಿದು ಕೇಳುತ್ತೇನೆ. ಓಣಿಯಲ್ಲಿ ಎದುರಿನಿಂದ ಬರುವ ಬೈಕು ಕಾಣದೆ ಬಿದ್ದ ಹುಡುಗಿಯ ಹಣೆಗೆ ಹೊಲಿಗೆ ಹಾಕುವಾಗ ನಾನು ಪಕ್ಕದಲ್ಲಿ ನಿಂತಿದ್ದೇನೆ. ಆಕೆಯ ಚೀಲದಲ್ಲಿ ಕನ್ನಡಕ ಇತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2021ರಲ್ಲಿ ಒಂದು ಗುರಿಗೆ ಒಪ್ಪಿವೆ. ತಕ್ಕ ಕನ್ನಡಕ ಸಿಕ್ಕವರ ಪ್ರಮಾಣವನ್ನು 2030ರೊಳಗೆ 40 ಶೇಕಡಾಂಶದಷ್ಟು, ಅಂದರೆ ನೂರರಲ್ಲಿ ಈಗ ಇರುವುದಕ್ಕಿಂತ 40 ಮಂದಿಯಷ್ಟು, ಏರಿಸಬೇಕು. ಅದರಲ್ಲಿ ಭಾರತವೂ ಇದೆ. ಏರಿತೋ ಇಲ್ಲವೋ ಎಂದು ಹೇಳಬೇಕಾದರೆ ಇಂದು ಎಷ್ಟಿದೆ ಎಂಬುದು ಜಿಲ್ಲೆವಾರು, ವಯಸ್ಸುವಾರು, ಗಂಡು ಹೆಣ್ಣು ಬೇರೆ ಬೇರೆಯಾಗಿ ಗೊತ್ತಿರಬೇಕು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ನೇತ್ರ ಶಿಬಿರದ ಸುದ್ದಿ ನಿಮ್ಮ ಕಚೇರಿಗೆ ಬಂದಾಗ ಒಟ್ಟು ಸಂಖ್ಯೆಯನ್ನು ಮಾತ್ರ ಅಚ್ಚು ಹಾಕಬೇಡಿ. ಹತ್ತಿರದ ನೋಟ ಪರೀಕ್ಷಿಸಿದ್ದೀರಾ, 35ರಿಂದ 50ರ ಹೆಂಗಸರು ಎಷ್ಟು ಮಂದಿ ಬಂದಿದ್ದರು, ಅವರಲ್ಲಿ ಕನ್ನಡಕ ಕೈಗೆ ಸಿಕ್ಕಿದ್ದು ಎಷ್ಟು ಮಂದಿಗೆ ಎಂದು ಸಂಘಟಕರನ್ನು ಕೇಳಿ, ಉತ್ತರವನ್ನೂ ಪ್ರಕಟಿಸಿ. ಒಂದು ಹಾಳೆಯಲ್ಲಿ ಹಿಡಿಸುವಂಥ ನಮೂನೆಯನ್ನು ನಾನೇ ಬರೆದು ಸಿದ್ಧಪಡಿಸಿದ್ದೇನೆ: ವಯಸ್ಸಿನ ಐದು ಗುಂಪು, ಗಂಡು ಹೆಣ್ಣು ಬೇರೆ, ದೂರದ ನೋಟ, ಹತ್ತಿರದ ನೋಟ, ಕೊಟ್ಟ ಕನ್ನಡಕ, ಮುಂದಕ್ಕೆ ಕಳುಹಿಸಿದವರು. ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಒಂದು ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಜಾಗವಿದ್ದರೆ ಅದನ್ನೂ ಅಚ್ಚು ಹಾಕಿ. ಶಿಬಿರ ನಡೆಸುವ ಯಾವ ಸಂಘ ಸಂಸ್ಥೆಯೂ ಕತ್ತರಿಸಿಕೊಂಡು ಬಳಸಬಹುದು. ಮುಂದಿನ ಶಿಬಿರ ನಮ್ಮ ತಾಲ್ಲೂಕಿನಲ್ಲೇ ಆದರೆ ಹತ್ತಿರದ ನೋಟದ ಮೇಜಿಗೆ ನಾನು ಬಂದು ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೇತ್ರ ಸಹಾಯಕಿ, ಇಳಕಲ್